ಪಿಪೆಟ್ಟಿನ ಎಂಜಲು

ಕಲಬುರಗಿಯ ಮೇ ತಿಂಗಳಲ್ಲಿ ತಲೆ ನೆಟ್ಟಗಿದ್ದವರು ಯಾರೂ ಹೊತ್ತೇರಿದ ಮೇಲೆ ಹೊರಬೀಳುವುದಿಲ್ಲ. ಕಾವೇರಿ ಮಾತ್ರ ದಿನಾ ಕಮಲಾಪುರದಿಂದ ಬಸ್ಸು ಹಿಡಿದು ಬಂದು, ಜಗತ್ ವೃತ್ತದ ಹತ್ತಿರದ ಒಂದು ಖಾಸಗಿ ಕಾಲೇಜಿನ ತಗಡಿನ ಚಾವಣಿಯ ಕೆಳಗೆ ನಿಂತು ರಸಾಯನಶಾಸ್ತ್ರ ಕಲಿಯುತ್ತಿದ್ದಳು. ಹುಚ್ಚಲ್ಲ, ಗರಜು. ಕಪನೂರಿನ ಒಂದು ಫಿನಾಯಿಲ್ ಕಾರ್ಖಾನೆಯಲ್ಲಿ ಅವಳು ಬಾಟಲಿಗಳಿಗೆ ಮುಚ್ಚಳ ತಿರುವುವ ಕೆಲಸಕ್ಕಿದ್ದಳು. ಅಲ್ಲಿಯ ಟೆಸ್ಟಿಂಗ್ ರೂಮಿನಲ್ಲಿ ಒಂದು ಜಾಗ ಖಾಲಿಯಾಗಿತ್ತು. "ಬ್ಯಾಸಗಿ ಕೋರ್ಸು ಪಾಸಾಗಿ ಬಾ, ಜಾಗಾ ನಿಂದ. ಆಗಲಿಲ್ಲಂದ್ರ ಬ್ಯಾರೆಯವರನ್ನ ತಗೋತೀನಿ" ಎಂದು ಮಾಲಕ ಶಿವಲಿಂಗ ಹೇಳಿದ್ದ. ತಿರುವಿ ತಿರುವಿ ಹೆಬ್ಬೆರಳು ಬಾತುಹೋಗಿದ್ದ ಹುಡುಗಿಗೆ ಅಷ್ಟು ಮಾತು ಸಾಕಾಗಿತ್ತು.

ಪುಸ್ತಕದ ಪಾಠ ಅವಳಿಗೆ ಹೇಗೋ ತಲೆಗೆ ಹತ್ತಿತು. ಪೇಚಿಗೆ ಸಿಕ್ಕಿಸಿದ್ದು ಪ್ರಾಕ್ಟಿಕಲ್. ಇಬ್ಬಿಬ್ಬರಿಗೆ ಒಂದು ಮೇಜು, ಒಂದು ಪಿಪೆಟ್ಟು. ಆ ಗಾಜಿನ ಕೊಳವೆಯಿಂದ ಕ್ಷಾರವನ್ನು ಗೆರೆಯವರೆಗೆ ಎಳೆದು ಗಾಜಿನ ಬುಡ್ಡಿಗೆ ಬಿಡಬೇಕು. ಸೂಚಕದ ಎರಡು ಹನಿ ಬಿದ್ದರೆ ಅದು ಗುಲಾಬಿಯಾಗುತ್ತದೆ. ಮೇಲೆ ನಿಲ್ಲಿಸಿದ, ತಳದಲ್ಲಿ ಪುಟ್ಟ ನಲ್ಲಿಯಿರುವ ಉದ್ದನೆಯ ಕೊಳವೆಯಿಂದ ಆಮ್ಲ ಹನಿಸುತ್ತ ಹೋಗಿ, ಗುಲಾಬಿ ಮಾಯವಾದ ಕೂಡಲೇ ನಿಲ್ಲಿಸಿ ಅಳತೆ ಬರೆದುಕೊಳ್ಳಬೇಕು. ಪಿಪೆಟ್ಟಿಗೆ ಹಾಕುವ ರಬ್ಬರ್ ಬಲ್ಬುಗಳು ಬಿಸಿಲಿಗೆ ಬಿರಿದು ಹೋಗಿದ್ದವು. ಹೊಸವು ಬರುತ್ತವೆ ಬರುತ್ತವೆ ಎನ್ನುತ್ತಲೇ ತಿಂಗಳು ಕಳೆದಿತ್ತು. ಅಲ್ಲಿಯವರೆಗೆ ಎಲ್ಲರೂ ಬಾಯಿಂದಲೇ ಎಳೆಯುತ್ತಿದ್ದರು.

ಕಾವೇರಿಯ ಜೋಡಿಗೆ ಸಿಕ್ಕವಳು ಅನುರಾಧಾ. ವೈಷ್ಣವ ಬ್ರಾಹ್ಮಣರ ಮನೆಯ, ನಲವತ್ತು ದಾಟಿದ ಹೆಂಗಸು. ಮದುವೆಯಾಗಿ ಬಿಟ್ಟಿದ್ದ ಬಿ.ಎಸ್ಸಿ.ಯನ್ನು ಮಗ ದೊಡ್ಡವನಾದ ಮೇಲೆ ಮುಗಿಸುವ ಹಟ ಹಿಡಿದು, ಮೊದಲಿಂದ ಕಲಿಯಲು ಬಂದಿದ್ದಳು. ಮಾತು ಮೆದು, ನಗೆ ಧಾರಾಳ. ಆದರೆ ಕಾವೇರಿ ಬಾಯಿಟ್ಟ ಪಿಪೆಟ್ಟು ಕೈಗೆ ಬಂದರೆ ಸಾಕು, ನೆಟ್ಟಗೆ ನಲ್ಲಿಗೆ ಹೋಗಿ ನೀರಲ್ಲಿ ಜಾಲಿಸಿ ಜಾಲಿಸಿ ತೊಳೆದುಕೊಂಡು ಬರುತ್ತಿದ್ದಳು.

ಮೊದಲ ದಿನ ಕಾವೇರಿ ನೋಡಿಯೂ ನೋಡದ ಹಾಗೆ ಇದ್ದಳು. ಮರುದಿನವೂ ಅದೇ ಆದಾಗ ಇದು ತನ್ನ ಜಾತಿಯ ಮೈಲಿಗೆ ತೊಳೆಯುವುದೇ ಎಂದು ತೀರ್ಮಾನಿಸಿದಳು. ಊರಿನ ಕೆಂಪು ಬಾಳೆಹಣ್ಣು ಒಯ್ದು ಕೊಟ್ಟಾಗ ಅನುರಾಧಾ ಖುಷಿಯಿಂದ ತಿಂದಿದ್ದಳು. ಹಣ್ಣಿಗೆ ಸಿಪ್ಪೆ ಇದೆಯಲ್ಲ, ಅದಕ್ಕೇ ನಡೆಯಿತು ಎಂದು ಕಾವೇರಿ ಮನಸ್ಸಿನಲ್ಲೇ ಕುಟುಕಿದಳು. ಇಷ್ಟು ಸಾಲದೆಂಬಂತೆ ಅವರ ಮೇಜಿನ ಲೆಕ್ಕ ಒಂದು ದಿನವೂ ಸರಿ ಬರಲಿಲ್ಲ. ಎಲ್ಲರಿಗೂ ಹತ್ತರ ಆಸುಪಾಸು ಬಂದರೆ ಇವರಿಗೆ ಒಂಬತ್ತೂವರೆ, ಒಂಬತ್ತು. ಕಲಿಸುತ್ತಿದ್ದ ನಿವೃತ್ತ ಲೆಕ್ಚರರ್ ಗುಲಾಮ್ ರಸೂಲ್ ಸಾಹೇಬರು ಕನ್ನಡಕ ಏರಿಸಿ, "ಪರೀಕ್ಷಾದಾಗ ಹಿಂಗ ಬಂದ್ರ ಇಬ್ಬರೂ ಫೇಲ್ ಆಗ್ತೀರಿ ಬೇಟಾ. ಒಂದು ಮೇಜಿಗೆ ಒಂದೇ ಮಾರ್ಕ್ಸು" ಎಂದರು. ಜೋಡಿ ಬದಲಿಸಿ ಎಂದು ಕಾವೇರಿ ಗೋಗರೆದಳು. ಅವರು ಒಪ್ಪಲಿಲ್ಲ.

ರಾತ್ರಿ ಊಟಕ್ಕೆ ಕೂತಾಗ ಅವ್ವ ಕಸ್ತೂರಿಬಾಯಿಯ ಮುಂದೆ ಎಲ್ಲ ಕಕ್ಕಿದಳು. ಬಾಳೆತೋಟದಲ್ಲಿ ದುಡಿದು ಬಂದಿದ್ದ ಅವ್ವ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದಳು.

"ನಮ್ಮವ್ವ ಇಂಥಾವೆಲ್ಲಾ ನುಂಗಿಕೊಂಡು ಸತ್ತಳು. ನಾನೂ ಅರ್ಧಾ ನುಂಗೀನಿ. ನೀ ಯಾಕ ನುಂಗ್ತಿ? ಮಾರಿಗೆ ಮಾರಿ ಕೊಟ್ಟು ಕೇಳು. ಆದ್ರ ಕೇಳಿದ ಮ್ಯಾಲ ಆಕಿ ಏನ್ ಹೇಳ್ತಾಳ, ಅದನ್ನೂ ನಿಂತು ಕೇಳು."

ಮರುದಿನ ಅನುರಾಧಾ ಪಿಪೆಟ್ಟು ಹಿಡಿದು ನಲ್ಲಿಯ ಕಡೆ ತಿರುಗಿದ್ದೇ ತಡ, ಕಾವೇರಿ ಅಡ್ಡ ನಿಂತಳು.

"ಅಕ್ಕಾರ, ಒಂದ್ ಮಾತ್ ಕೇಳ್ತೀನ್ರಿ. ನನ್ನ ಬಾಯಿ ತಾಕೇದಂತ ತೊಳಿತೀರಿ, ಹೌದಿಲ್ರಿ?"

ಅನುರಾಧಾಳ ಮುಖದಿಂದ ಬಣ್ಣ ಇಳಿದುಹೋಯಿತು. "ಅಯ್ಯ, ಏನಂತ ಮಾತಾಡ್ತಿ! ನಾ ಎಳೆದದ್ದು ನಿನಗ ಕೊಡೂ ಮುಂದನೂ ತೊಳೆದೇ ಕೊಡ್ತೀನಲ್ಲ, ನೋಡಿಲ್ಲೇನು? ನನ್ನ ಎಂಜಲಾ ನಿನಗ ಹ್ಯಾಂಗ ಕೊಡಲಿ? ಮನ್ಯಾಗ ನನ್ನ ಮಗನ ಲೋಟಾನೂ ತೊಳೀದ ಮುಟ್ಟಂಗಿಲ್ಲ ನಾ."

ಅದು ನಿಜ. ತನಗೆ ಬರುವ ಪಿಪೆಟ್ಟೂ ಒದ್ದೆಯಾಗಿರುತ್ತದೆ ಎಂಬುದು ಕಾವೇರಿಗೆ ಆಗ ನೆನಪಾಯಿತು. ಸಿಟ್ಟು ಬಂದವರು ತಮಗೆ ಬೇಕಾದ್ದನ್ನಷ್ಟೇ ನೋಡುತ್ತಾರೆ, ಅವಳೂ ಹಾಗೇ ಮಾಡಿದ್ದಳು. ಆದರೂ ಬಿಡಲಿಲ್ಲ.

"ಮಗಂದು ತೊಳ್ಯೂದು, ನಂದು ತೊಳ್ಯೂದು, ಎರಡೂ ಒಂದೇ ಏನ್ರಿ?"

ಅನುರಾಧಾ ಕೈಯಲ್ಲಿದ್ದ ಪಿಪೆಟ್ಟನ್ನು ಮೇಜಿನ ಮೇಲಿಟ್ಟಳು. "ಒಂದೇ ಅಂತ ಅನ್ಕೊಂಡಿದ್ದೆ. ನೀ ಕೇಳಿದ ಮ್ಯಾಲ ಖರೇನ ಗೊತ್ತಾಗವಲ್ತು" ಎಂದಳು. ಕಣ್ಣಲ್ಲಿ ನೀರು ತುಂಬಿತ್ತು. ಸುಳ್ಳು ಹೇಳಿ ಪಾರಾಗಬಹುದಿತ್ತು, ಪಾರಾಗಲಿಲ್ಲ. ಕಾವೇರಿಗೆ ಅವಳ ಮೇಲೆ ಮೊದಲ ಸಲ ಸ್ವಲ್ಪ ಮರ್ಯಾದೆ ಹುಟ್ಟಿತು.

ಈ ಗದ್ದಲ ಕೇಳಿ ಗುಲಾಮ್ ರಸೂಲ್ ಸಾಹೇಬರು ಧಾವಿಸಿ ಬಂದರು. ಅವರ ಕಿವಿಗೆ ಜಾತಿ, ಎಂಜಲು ಯಾವುದೂ ಬಿದ್ದಿರಲಿಲ್ಲ, ಒಂದೇ ಒಂದು ಶಬ್ದ ಬಿದ್ದಿತ್ತು.

"ತೊಳಿತೀರಾ? ಪಿಪೆಟ್ಟು? ಯಾತರಿಂದ?"

"ನೀರಿಲೇರಿ, ಸರ್" ಎಂದರು ಇಬ್ಬರೂ ಒಟ್ಟಿಗೆ.

"ಪ್ರತಿ ಸಲಾ?"

"ಹೌದ್ರಿ."

"ತೌಬಾ ತೌಬಾ!" ಸಾಹೇಬರು ಹಣೆ ಹಣೆ ಚಚ್ಚಿಕೊಂಡರು. "ಒಳಗ ನೀರು ಉಳಿತಂದ್ರ ಕ್ಷಾರ ತೆಳ್ಳಗಾಗ್ತದ. ಅದಕ್ಕೇ ನಿಮ್ಮ ಅಳತಿ ಕಮ್ಮಿ ಬರಾಕತ್ತದ! ಜಾಲಿಸೂದಿದ್ರ ಅದೇ ಕ್ಷಾರದಲೇ ಜಾಲಿಸ್ರಿ ಅಂತ ಮೊದಲ್ನೇ ದಿನಾನೇ ಹೇಳೀನಿ. ಬೇಕಾದ್ರ ಬಾಯಿಡೂ ತುದಿ ಒಣಾ ಅರಿವಿಲೆ ಒರಸ್ಕೋರಿ. ನೀರು ಮಾತ್ರ ಬ್ಯಾಡ. ನಿಮ್ಮ ಜಗಳಾ ಪರೀಕ್ಷಾ ಆದ ಮ್ಯಾಲ ಇಟ್ಕೋರಿ."

ಅಂದಿನಿಂದ ಅನುರಾಧಾ ಮಡಿಚಿದ ಬಿಳಿ ಕರವಸ್ತ್ರ ತರತೊಡಗಿದಳು. ಕಾವೇರಿಯಿಂದ ತೆಗೆದುಕೊಳ್ಳುವಾಗಲೂ ಒರೆಸುತ್ತಿದ್ದಳು, ಅವಳಿಗೆ ಕೊಡುವಾಗಲೂ ಒರೆಸುತ್ತಿದ್ದಳು. ಅಳತೆ ಹತ್ತಕ್ಕೆ ಬಂದು ನಿಂತಿತು. ಆದರೆ ಆ ಕರವಸ್ತ್ರ ಮೇಜಿನ ಮೇಲೆ ಕಂಡಾಗಲೆಲ್ಲ ಕಾವೇರಿಯ ಎದೆಯಲ್ಲಿ ಏನೋ ಚುಚ್ಚುತ್ತಿತ್ತು. ಅವಳೇನೂ ದೊಡ್ಡ ಮನಸ್ಸಿನ ದೇವತೆಯಲ್ಲ. ಪಾಸಾದರೆ ಸಾಕು, ಆಮೇಲೆ ಈಕೆ ಯಾರೋ ನಾನ್ಯಾರೋ ಎಂದುಕೊಂಡಳು.

ಪರೀಕ್ಷೆಯ ದಿನ ಪ್ರತಿ ಮೇಜಿಗೂ ಒಂದೊಂದು ಬಾಟಲಿ ಕ್ಷಾರ ಕೊಟ್ಟರು. ಹೆಚ್ಚಿಗೆ ಕೇಳುವ ಹಾಗಿಲ್ಲ. ಇಬ್ಬರೂ ಸರದಿಯಂತೆ ಎಳೆಯಬೇಕು, ಎರಡು ಅಳತೆ ಒಂದಕ್ಕೊಂದು ಕೂಡಬೇಕು. ಮೊದಲನೆಯದು ಕಾವೇರಿ ಚೆನ್ನಾಗಿ ತೆಗೆದಳು. ಎರಡನೆಯ ಸಲ ಅನುರಾಧಾ ಎಳೆದು ಕೊಟ್ಟದ್ದೂ ಸರಿಯಿತ್ತು. ಆದರೆ ಆಮ್ಲ ಹನಿಸುತ್ತಿದ್ದ ಕಾವೇರಿಯ ಬೆವರಿದ ಬೆರಳು ಜಾರಿ ಆಮ್ಲದ ಕೊಳವೆಯ ನಲ್ಲಿ ಪೂರ್ತಿ ತೆರೆದುಕೊಂಡಿತು. ಆಮ್ಲ ಸರ್ರನೆ ಸುರಿಯಿತು, ಲೆಕ್ಕ ಕೆಟ್ಟಿತು. ಮೂರನೆಯ ಸಲ ಮತ್ತೆ ಕಾವೇರಿಯ ಸರದಿ. ಅವಸರದಲ್ಲಿ ಬೆರಳು ಸಡಿಲಾಗಿ ಕ್ಷಾರ ಗೆರೆಯಲ್ಲಿ ನಿಲ್ಲದೆ ಮೇಜಿನ ಮೇಲೆಲ್ಲ ಚೆಲ್ಲಿತು. ಟೆಸ್ಟಿಂಗ್ ರೂಮು ಕಣ್ಣೆದುರೇ ಬಾಗಿಲು ಹಾಕಿಕೊಂಡಂತೆ ಅನಿಸಿತು. ಬಾಟಲಿಯ ತಳದಲ್ಲಿ ಒಂದು ಸಲಕ್ಕೆ ಆಗಿ ತುಸುವೇ ಮಿಗುವಷ್ಟು ಮಾತ್ರ ಉಳಿದಿತ್ತು.

"ಮುಗೀತ್ರಿ ಅಕ್ಕಾರ. ನನ್ನಿಂದ ನೀವೂ ಹೋದ್ರಿ" ಎಂದಳು.

"ಏನ್ ಮುಗೀತು? ನನ್ನ ಸರತಿ ಇನ್ನೂ ಅದ. ಕೊಡಿಲ್ಲೆ."

ಅನುರಾಧಾ ಅವಳ ಕೈಯಿಂದ ಪಿಪೆಟ್ಟು ಕಸಿದುಕೊಂಡಳು. ಕರವಸ್ತ್ರ ಮೇಜಿನ ಮೇಲೆ ಮಡಿಚಿದಂತೆಯೇ ಬಿದ್ದಿತ್ತು. ಮರೆತಳೋ, ಬೇಕೆಂದೇ ಬಿಟ್ಟಳೋ, ಕಾವೇರಿಯ ತುಟಿಯ ತೇವ ಆರದ ತುದಿಯನ್ನು ಹಾಗೇ ಬಾಯಿಗಿಟ್ಟಳು.

ಬಾಟಲಿಯನ್ನು ಓರೆ ಮಾಡಿ ಎಳೆಯುತ್ತಿರುವಾಗ ತಳದ ಕ್ಷಾರ ತೀರುತ್ತ ಬಂದು ಕೊಳವೆಗೆ ಗಾಳಿ ನುಗ್ಗಿತು. ಒಂದಿಷ್ಟು ಕ್ಷಾರ ಒಮ್ಮೆಲೇ ಮೇಲಕ್ಕೆ ಹಾರಿ ಅವಳ ಬಾಯಿಗೆ ಬಂತು. ಕಣ್ಣು ಅಗಲವಾದವು, ಕೆನ್ನೆ ಉಬ್ಬಿದವು. ಬೇರೆ ಯಾರಾದರೂ ಪಿಪೆಟ್ಟು ಬಿಸಾಡಿ ಉಗುಳಲು ಓಡುತ್ತಿದ್ದರು. ಅನುರಾಧಾ ಮೇಲಿನ ತುದಿಗೆ ಬೆರಳು ಒತ್ತಿ ಹಿಡಿದಳು. ತುಟಿ ಬಿಗಿದು, ಬಾಯಿ ಸುಡುತ್ತಿದ್ದರೂ ಬೆರಳನ್ನು ಒಂದಿಷ್ಟೇ ಸಡಿಲಿಸುತ್ತ, ಕೊಳವೆಯಲ್ಲಿ ನಿಂತ ಕ್ಷಾರವನ್ನು ಗೆರೆಗೆ ಇಳಿಸಿದಳು. ಬುಡ್ಡಿಗೆ ಬಿಟ್ಟಳು. ಕೊನೆಯ ಹನಿ ಬಿದ್ದ ಮೇಲೆಯೇ ನಲ್ಲಿಯತ್ತ ಓಡಿದ್ದು.

ಕಾವೇರಿ ಅವಳ ಹಿಂದೆ ಹೆಜ್ಜೆ ಇಟ್ಟವಳು ತಡೆದು ನಿಂತಳು. ಈಗ ಕೈ ತಪ್ಪಿದರೆ ಆಕೆ ಸುಟ್ಟುಕೊಂಡದ್ದು ದಂಡ. ಉಸಿರು ಹಿಡಿದು ಹನಿ ಹನಿಯಾಗಿ ಆಮ್ಲ ಬಿಟ್ಟಳು. ಗುಲಾಬಿ ತಿಳಿಯಾಯಿತು, ಇನ್ನೂ ತಿಳಿಯಾಯಿತು, ಒಂದು ಹನಿಗೆ ಮಾಯವಾಯಿತು. ಗುಲಾಮ್ ರಸೂಲ್ ಸಾಹೇಬರು ಬಗ್ಗಿ ಅಳತೆ ನೋಡಿ, ಮೊದಲಿನದರ ಪಕ್ಕ ಇಟ್ಟು ನೋಡಿ, "ಕೂಡ್ತು. ಇಬ್ಬರೂ ಪಾಸ್. ಹೋಗು, ಮೊದಲು ಆಕೀನ ನೋಡು" ಎಂದರು.

ಅನುರಾಧಾ ತೊಟ್ಟಿಯ ಮೇಲೆ ಬಗ್ಗಿ ಮುಕ್ಕಳಿಸುತ್ತಿದ್ದಳು. ನಲ್ಲಿಯ ನೀರು ಸಣ್ಣಗಾಗಿತ್ತು. ಕಾವೇರಿ ತನ್ನ ಬೊಗಸೆಯಲ್ಲಿ ನೀರು ಹಿಡಿದು ಅವಳ ಬಾಯಿಯ ಹತ್ತಿರ ಒಯ್ದಳು. ಅನುರಾಧಾ ಆ ಬೊಗಸೆಗೇ ಬಾಯಿ ಹಚ್ಚಿ ಹೀರಿದಳು, ಮುಕ್ಕಳಿಸಿ ಉಗುಳಿದಳು, ಮತ್ತೆ ಬಾಯಿ ಹಚ್ಚಿದಳು. ನಾಲಗೆ ಮರಗಟ್ಟಿ ಮಾತು ತೊದಲುತ್ತಿತ್ತು.

"ಅಳತಿ ಬಂತೇನು?"

"ಬಂತ್ರಿ ಅಕ್ಕಾರ" ಎಂದು ಕಾವೇರಿ ಅಳುತ್ತ ಅವಳ ಬೆನ್ನು ಸವರಿದಳು.