ರೇಸು ಕಾರಿನಡಿಯ ಲಿಂಬೆ

ಟಯರಿನಡಿ ಅಪ್ಪಚ್ಚಿಯಾದ ಲಿಂಬೆಯ ವಾಸನೆಯೇ ಬೇರೆ. ಹುಳಿಯ ಜೊತೆಗೆ ರಬ್ಬರು, ಡೀಸೆಲ್, ಬಿಸಿಲಿಗೆ ಕಾದ ಜಲ್ಲಿ, ಬಾಡತೊಡಗಿದ ಗೊಂಡೆ ಹೂ ಎಲ್ಲವೂ ಅದರಲ್ಲಿ ಬೆರೆತಿರುತ್ತವೆ. ಐರಿನ್‌ಗೆ ಆ ವಾಸನೆಯ ಪರಿಚಯವಾದದ್ದು ಲಂಗ ಹಾಕುತ್ತಿದ್ದ ಕಾಲದಲ್ಲಿ, ಕಾರ್ಕಳದ ಬಸ್‌ಸ್ಟ್ಯಾಂಡಿನಲ್ಲಿ. ಅವಳ ಪಪ್ಪ ಕಾರ್ಕಳದಿಂದ ಉಡುಪಿಗೆ ಹೋಗುವ ಬಸ್ಸಿನ ಡ್ರೈವರ್. ಆಯುಧ ಪೂಜೆಯ ದಿನ ಮಾಲಕರು ಬಸ್ಸಿನ ಮುಖಕ್ಕೆ ಕಬ್ಬು ಕಟ್ಟಿ, ಚಕ್ರಗಳ ಮುಂದೆ ಲಿಂಬೆ ಇಟ್ಟು, "ಇನ್ನು ಬಿಡಿ" ಎನ್ನುತ್ತಿದ್ದರು. ಪಪ್ಪ ಹಣೆಗೆ, ಎದೆಗೆ, ಹೆಗಲಿಗೆ ಶಿಲುಬೆಯ ಗುರುತು ಹಾಕಿಕೊಂಡು ಗೇರು ಬದಲಿಸುತ್ತಿದ್ದರು. ಪಟ್ ಎಂದು ಲಿಂಬೆ ಒಡೆಯುತ್ತಿತ್ತು. ಪೂಜೆ ಒಬ್ಬರದು, ಶಿಲುಬೆ ಇನ್ನೊಬ್ಬರದು, ಬಸ್ಸು ಎಲ್ಲರದು. ಅದರಲ್ಲಿ ವಿಶೇಷವೇನಾದರೂ ಇದೆ ಎಂದು ಆಗ ಯಾರಿಗೂ ಅನಿಸುತ್ತಿರಲಿಲ್ಲ.

ಈ ವರ್ಷ ಆ ವಾಸನೆಯನ್ನು ನೆನಪಿಗೆ ತಂದದ್ದು ಬೂಬನ ಫೋನು.

"ಟೀಚರೇ, ಪೊರ್ಬುಗಳಿಗೆ ಹೇಳಿ, ಆಯುಧ ಪೂಜೆಗೆ ಆ ರೇಸು ಕಾರು ಗ್ಯಾರೇಜಿಗೆ ಬರಲೇಬೇಕು. ನಾನು ಜಾಗ ಮಾಡಿ ಇಟ್ಟಾಗಿದೆ."

ಪೊರ್ಬುಗಳು ಎಂದರೆ ಐರಿನ್‌ಳ ಗಂಡ ಜೋಕಿಮ್. ಉಚ್ಚಿಲದ ಹೈವೇ ಬದಿಯ ಗ್ಯಾರೇಜನ್ನು ಅವರೂ ಬೂಬನೂ ಸೇರಿ ಶುರುಮಾಡಿದ್ದು ಐರಿನ್ ಶಿರ್ವದ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರಾಗಿ ಸೇರಿದ ಹೊಸತರಲ್ಲಿ. ಬೂಬ ಮೀನುಗಾರರ ಮನೆಯ ಹುಡುಗ, ದೋಣಿಯ ಎಂಜಿನ್ ಬಿಚ್ಚಿ ಕೈ ಪಳಗಿಸಿಕೊಂಡವನು. ಈಗ ಅವನ ಮೀಸೆಯೂ ನೆರೆತಿದೆ. ಆದರೂ ಜೋಕಿಮ್‌ರನ್ನು ಹೆಸರು ಹಿಡಿದು ಕರೆದದ್ದಿಲ್ಲ, ಊರವರು ಕ್ರೈಸ್ತರನ್ನು ಗೌರವದಿಂದ ಕರೆಯುವ ಹಾಗೆ ಯಾವತ್ತೂ ಪೊರ್ಬುಗಳೇ.

ಈಸ್ಟರ್ ಕಳೆದ ಮೇಲೆ ಜೋಕಿಮ್‌ರಿಗೆ ಸ್ಟ್ರೋಕ್ ಆಯಿತು. ಮಾತು ಬೇಗ ಮರಳಿತು, ಕಾಲೂ ನಿಧಾನಕ್ಕೆ ಸರಿಹೋಯಿತು. ಬಲಗೈ ಮಾತ್ರ ಬರಲಿಲ್ಲ. ಅನ್ನದ ತುತ್ತು ಅರ್ಧ ದಾರಿಯಲ್ಲಿ ಅಂಗಿಯ ಮೇಲೆ ಬೀಳುತ್ತಿತ್ತು. ಎಡಗೈಯಲ್ಲಿ ತಿನ್ನಬಹುದಲ್ಲ ಎಂದು ಐರಿನ್ ಒಮ್ಮೆ ಹೇಳಿದಳು. ಜೋಕಿಮ್ ಅವಳನ್ನು ನೋಡಿದ ರೀತಿಗೆ ಎರಡನೆಯ ಸಲ ಹೇಳುವ ಧೈರ್ಯ ಬರಲಿಲ್ಲ. ಹುಟ್ಟಿನಿಂದ ಅವರದು ಎಡಗೈ. ತಾಯಿ ಮ್ಯಾಗ್ಡಲಿನ್ ಸೌಟಿನ ಹಿಡಿಯಿಂದ ಬಡಿದು ಬಡಿದು ಅದನ್ನು ಬಲಗೈ ಮಾಡಿದ್ದರು. "ಆ ಕೈಯಲ್ಲಿ ಉಣ್ಣುವವನ ಪಕ್ಕ ಯಾರು ಕೂರುತ್ತಾರೆ?" ಎಂದು ಕೇಳುತ್ತಿದ್ದರಂತೆ. ಆ ಪ್ರಶ್ನೆ ಎಪ್ಪತ್ತು ದಾಟಿದ ಮಗನ ತಲೆಯೊಳಗೆ ಇನ್ನೂ ಕೂತಿತ್ತು.

ಹಾಗಾಗಿ ಜೋಕಿಮ್ ಈಗ ಕೋಣೆಯ ಬಾಗಿಲು ಎಳೆದುಕೊಂಡು, ಎಡಗೈಯಲ್ಲಿ ಚಮಚ ಹಿಡಿದು, ಒಬ್ಬರೇ ಉಣ್ಣುತ್ತಿದ್ದರು. ಮಾತೆ ಮರಿಯಳ ಮೋಂತಿ ಹಬ್ಬದ ದಿನ ಹೊಸ ತೆನೆಯ ಊಟಕ್ಕೆ ಕುಟುಂಬದವರೆಲ್ಲ ಒಟ್ಟಿಗೆ ಕೂತಾಗಲೂ ತಲೆನೋವು ಎಂದು ಒಳಗೇ ಇದ್ದರು. ಕಾಪುವಿನಲ್ಲಿ ನೆಂಟರ ಮದುವೆಗೆ ಹೋಗಲಿಲ್ಲ, ಗ್ಯಾರೇಜಿನ ಕಡೆಗೆ ಮುಖ ಹಾಕಲಿಲ್ಲ. ಹೋದಲ್ಲೆಲ್ಲ ಯಾರಾದರೂ ಊಟ ಮಾಡಿ ಎನ್ನುತ್ತಾರಲ್ಲ! ಐರಿನ್ ಅಡುಗೆಮನೆಯ ಮೇಜಿನಲ್ಲಿ ಒಬ್ಬಳೇ ಕೂತು ಅನ್ನ ಕಲಸುವಾಗ, ಗೋಡೆಯಾಚೆ ಚಮಚ ಬಟ್ಟಲಿಗೆ ತಾಗುವ ಸದ್ದು ಕೇಳುತ್ತಿತ್ತು. ದೇವರಲ್ಲಿ ಅವಳು ದೊಡ್ಡದೇನನ್ನೂ ಬೇಡಲಿಲ್ಲ. ಆ ಸದ್ದು ಗೋಡೆಯ ಈಚೆಗೆ ಬಂದರೆ ಸಾಕಿತ್ತು.

ರೇಸು ಕಾರಿನ ಪೆಟ್ಟಿಗೆಯನ್ನು ತಂದವಳು ಜೆನಿಟಾ, ಜೋಕಿಮ್‌ರನ್ನು ಬಾಪ್ಪು ಎಂದು ಕರೆಯುವ ಅಣ್ಣನ ಮಗಳು. ಮಣಿಪಾಲದಲ್ಲಿ ಫಿಸಿಯೋಥೆರಪಿಸ್ಟ್. ಪೆಟ್ಟಿಗೆಯೊಳಗೆ ಒಂದಕ್ಕೊಂದು ಕಚ್ಚಿಕೊಳ್ಳುವ, ಜೋಡಿಸಿದರೆ ಕಾರಾಗುವ ಪ್ಲಾಸ್ಟಿಕ್ ಇಟ್ಟಿಗೆಗಳು. ಕೆಲವು ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡವು ಅಷ್ಟೆ.

"ಮಕ್ಕಳಾಟಿಕೆ ತಂದಿದ್ದೀಯಾ ನನಗೆ?" ಎಂದರು ಜೋಕಿಮ್.

"ಒಳಗೆ ಎಂಜಿನ್ ಉಂಟು ಬಾಪ್ಪು. ಹಿಂದಿನ ಚಕ್ರ ತಿರುಗಿದರೆ ಪಿಸ್ಟನ್ ಮೇಲೆ ಕೆಳಗೆ ಹೋಗ್ತದೆ. ಆದರೆ ಬಲಗೈಯಲ್ಲೇ ಮಾಡಬೇಕು, ಆಯ್ತಾ?"

ಜೋಕಿಮ್ ಪೆಟ್ಟಿಗೆಯ ಮೇಲಿನ ಚಿತ್ರವನ್ನು ಓರೆಗಣ್ಣಿನಿಂದ ನೋಡಿದರು. ಜೀವಮಾನವಿಡೀ ಲಾರಿ, ಟೆಂಪೊ, ಅಂಬಾಸಿಡರ್ ರಿಪೇರಿ ಮಾಡಿದ ಮನುಷ್ಯ. ರೇಸು ಕಾರಿನ ಬಾನೆಟ್ ಎತ್ತುವ ಯೋಗ ಎಂದೂ ಬಂದಿರಲಿಲ್ಲ. ಮರುದಿನ ಪೆಟ್ಟಿಗೆ ಕೋಣೆಯೊಳಗೆ ಹೋಗಿತ್ತು.

ಮಳೆಗಾಲವೆಲ್ಲ ಆ ಕೋಣೆಯಿಂದ ಕಟಕ್, ಕಟಕ್ ಎಂಬ ಸದ್ದು ಬರುತ್ತಿತ್ತು. ಒಂದು ಮಧ್ಯಾಹ್ನ ಚಹಾ ತೆಗೆದುಕೊಂಡು ಹೋದ ಐರಿನ್, ಗಾಳಿಗೆ ಸರಿದ ಬಾಗಿಲಿನ ಸಂದಿಯಿಂದ ಕಂಡಳು. ಇಟ್ಟಿಗೆಗಳನ್ನು ಆರಿಸುತ್ತಿದ್ದುದು, ಜೋಡಿಸುತ್ತಿದ್ದುದು, ಒತ್ತುತ್ತಿದ್ದುದು ಎಲ್ಲ ಎಡಗೈ. ಅದೆಂಥ ಚುರುಕು! ಅರುವತ್ತು ವರ್ಷ ಅಡಗಿ ಕೂತಿದ್ದ ಕೈ, ರಜೆ ಸಿಕ್ಕಿದ ಮಗುವಿನ ಹಾಗೆ ಓಡಾಡುತ್ತಿತ್ತು. ಬಲಗೈ ಮೇಜಿನ ಮೇಲೆ ಸುಮ್ಮನೆ ಮಲಗಿತ್ತು. ಐರಿನ್‌ಗೆ ಮೊದಲು ಸಿಟ್ಟು ಬಂತು. ಜೆನಿಟಾ ಪ್ರತಿ ವಾರ ಫೋನಿನಲ್ಲಿ "ಬಲಗೈಯಲ್ಲೇ ಅಲ್ವಾ ಬಾಪ್ಪು?" ಎಂದು ಕೇಳುವುದು, ಇವರು "ಮತ್ತೆ?" ಎನ್ನುವುದು ಅವಳ ಕಿವಿಯಲ್ಲೇ ಇತ್ತು. ಆದರೆ ಗಂಡನ ಮುಖ ನೋಡಿದಾಗ ಸಿಟ್ಟು ನಿಲ್ಲಲಿಲ್ಲ. ಎಷ್ಟೋ ತಿಂಗಳಿಂದ ಕಾಣದಿದ್ದ ಮುಖ ಅದು, ಎಂಜಿನ್ನಿನ ಒಳಗೆ ಬಗ್ಗಿ ನೋಡುವಾಗಿನ ಮುಖ. ಆಕೆ ಎರಡು ಹೆಜ್ಜೆ ಹಿಂದೆ ಸರಿದು, ಬೇಕೆಂದೇ ಚಪ್ಪಲಿ ಸದ್ದು ಮಾಡುತ್ತ ಮತ್ತೆ ಬಂದಳು.

ಕಾರು ಮುಗಿಯಿತು. ಬಿಳಿ ಮೂತಿ, ಕೆಂಪು ಮೈ, ಹಿಂದೆ ಅಗಲವಾದ ರೆಕ್ಕೆ, ಒಂದು ಮೊಳ ಉದ್ದ. ಜೆನಿಟಾ ತೆಗೆದ ಫೋಟೊ ಬೂಬನಿಗೂ ಹೋಯಿತು. ಅದಕ್ಕೇ ಈ ಫೋನು.

"ಆಟಿಕೆಗೆ ಎಂತ ಪೂಜೆ?" ಎಂದರು ಜೋಕಿಮ್.

ಸ್ಪೀಕರಿನಲ್ಲಿದ್ದ ಬೂಬ ಬಿಡಲಿಲ್ಲ. "ಚಕ್ರ ಉಂಟಲ್ಲ? ಎಂಜಿನ್ ಉಂಟಲ್ಲ? ಮತ್ತೆ ಎಂತ ಬೇಕು ಪೊರ್ಬುಗಳೇ? ನಮ್ಮ ಗ್ಯಾರೇಜಿಗೆ ಎಂಜಿನ್ ಇಲ್ಲದ ಗಾಡಿಗಳು ಸಹ ಬಂದದ್ದುಂಟು, ತಳ್ಳಿಕೊಂಡು!"

ಜೋಕಿಮ್ ನಕ್ಕರು. ಫೋನು ಇಟ್ಟ ಮೇಲೆ ನಗು ಹೋಯಿತು. "ಕಾರು ತೋರಿಸಿ ಬರುವ," ಎಂದರು ಹೆಂಡತಿಗೆ. "ಊಟಕ್ಕೆ ನಿಲ್ಲುವುದು ಬೇಡ. ಎಲೆ ಹಾಕುವ ಮೊದಲೇ ಹೊರಡಬೇಕು."

"ಆಯ್ತು," ಎಂದಳು ಐರಿನ್. ಕೊಟ್ಟ ಮಾತು ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ಉಳಿಯಿತು. ಆಯುಧ ಪೂಜೆಯ ದಿನ ಗ್ಯಾರೇಜಿನಲ್ಲಿ ಊಟ ಮಾಡದೆ ಬಂದದ್ದು ಅವರ ಮದುವೆಯಾದ ಮೇಲೆ ಇಲ್ಲವೇ ಇಲ್ಲ.

ಪೂಜೆಯ ದಿನ ಐರಿನ್ ಕಾರನ್ನು ಹಸುಗೂಸಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಆಟೊದಲ್ಲಿ ಉಚ್ಚಿಲಕ್ಕೆ ಬಂದಳು. ಜೆನಿಟಾ ಮಣಿಪಾಲದಿಂದ ಸ್ಕೂಟರಿನಲ್ಲಿ ಮೊದಲೇ ಬಂದಿದ್ದಳು. ಗ್ಯಾರೇಜು ತೊಳೆದು ಘಮಘಮಿಸುತ್ತಿತ್ತು. ಸ್ಪ್ಯಾನರುಗಳೂ ಜ್ಯಾಕುಗಳೂ ಸಾಲಾಗಿ ಕೂತು ಕುಂಕುಮ ಹಚ್ಚಿಸಿಕೊಂಡಿದ್ದವು. ಅವುಗಳ ಮುಂದೆ, ಕೆಂಪು ಬಟ್ಟೆ ಹಾಸಿದ ಮೇಜಿನ ನಡುವೆ, ಬೂಬ ಜಾಗ ಬಿಟ್ಟಿದ್ದ. ಕಾರು ಅಲ್ಲಿ ಕೂತಿತು. ಹುಡುಗಾಟದ ಮೆಕ್ಯಾನಿಕ್ ಚಂದು ಅದಕ್ಕೆ ಗೊಂಡೆಯ ಸಣ್ಣ ಮಾಲೆ ಹಾಕಿ, ಬಿಳಿ ಮೂತಿಗೆ ಕುಂಕುಮದ ಬೊಟ್ಟಿಟ್ಟ. ಬಂದ ಗಿರಾಕಿಗಳೆಲ್ಲ ಬಗ್ಗಿ ಬಗ್ಗಿ ನೋಡಿದರು.

"ಬಲಗೈ ಪೂರಾ ಸರಿಯಾಯ್ತಲ್ಲ ಪೊರ್ಬುಗಳೇ!" ಎಂದ ಒಬ್ಬ ಲಾರಿ ಮಾಲಕ. "ಇಲ್ಲದಿದ್ದರೆ ಇಂಥ ಸೂಕ್ಷ್ಮ ಕೆಲಸ ಆಗ್ತದಾ?"

ಜೋಕಿಮ್ ಬಲಗೈಯನ್ನು ಪ್ಯಾಂಟಿನ ಕಿಸೆಯಲ್ಲಿ ಇಳಿಬಿಟ್ಟುಕೊಂಡು ನಿಂತಿದ್ದರು. ಐರಿನ್ ಬೇರೆ ಕಡೆಗೆ ನೋಡಿದಳು.

ಮಂಗಳಾರತಿ ಆಯಿತು. ಅಂಗಳದಲ್ಲಿದ್ದ ಲಾರಿ, ರಿಕ್ಷಾಗಳ ಕೆಳಗೆ ಪಟ್ ಪಟ್ ಎಂದು ಲಿಂಬೆಗಳು ಒಡೆದವು. ಆ ವಾಸನೆ ಬಂದದ್ದೇ ಐರಿನ್‌ಳ ಕೈ ತಾನಾಗಿ ಹಣೆಗೆ ಹೋಯಿತು, ಪಪ್ಪನ ಹಾಗೆ. ಅಷ್ಟರಲ್ಲಿ ಬೂಬ ಮೇಜಿನ ಹತ್ತಿರ ಬಂದ. ಬುಟ್ಟಿಯಿಂದ ಹುಡುಕಿ ಹುಡುಕಿ ಪುಟ್ಟ ಲಿಂಬೆಗಳನ್ನು ಆರಿಸಿ, ರೇಸು ಕಾರಿನ ನಾಲ್ಕೂ ಚಕ್ರಗಳ ಮುಂದೆ ಇಟ್ಟ. ಗ್ಯಾರೇಜಿಗೆ ಬಂದ ಯಾವ ಗಾಡಿಯನ್ನೂ ಅವನು ಲಿಂಬೆ ಇಲ್ಲದೆ ಕಳಿಸಿದವನಲ್ಲ. ಈ ಗಾಡಿಯ ತೂಕ ಎಷ್ಟು ಎಂಬುದು ಅವನಿಗೂ ಹೊಳೆಯಲಿಲ್ಲ, ಸುತ್ತ ನಿಂತವರಿಗೂ ಹೊಳೆಯಲಿಲ್ಲ.

"ಪೊರ್ಬುಗಳೇ, ಬಿಡಿ!"

ಜೋಕಿಮ್ ಎಡಗೈಯಿಂದ ಹಿಂದಿನ ರೆಕ್ಕೆಗೆ ಒತ್ತು ಕೊಟ್ಟು ತಳ್ಳಿದರು. ಲಿಂಬೆ ಜಗ್ಗಲಿಲ್ಲ. ಇನ್ನೊಂದಿಷ್ಟು ತಳ್ಳಿದರು. ಮುಂದಿನ ಚಕ್ರ ಲಿಂಬೆಯ ಮೇಲೆ ಹತ್ತಿತು, ಜಾರಿತು, ಕಾರು ಮಗ್ಗುಲಾಯಿತು. ಚಕ್ರ ಕಳಚಿ ಮೇಜಿನಿಂದ ಉರುಳಿ ಸಿಮೆಂಟಿನ ಮೇಲೆ ಓಡಿತು. ಅದರ ಹಿಂದೆ ನಾಲ್ಕಾರು ಚೂರುಗಳು ಕಟಕಟ ಉದುರಿದವು.

ಬೂಬ ಎರಡೂ ಕೈ ತಲೆಯ ಮೇಲಿಟ್ಟುಕೊಂಡ. "ಅಯ್ಯೋ, ನಾನೆಂಥ ಮೂರ್ಖ..."

"ಲಿಂಬೆಗೆ ಎಂತ ಆಗ್ಲಿಲ್ಲ," ಎಂದ ಚಂದು. ಹೇಳಿದ ಮೇಲೆ ತಾನೇ ನಾಲಗೆ ಕಚ್ಚಿಕೊಂಡ.

ಐರಿನ್ ಗಂಡನ ಮುಖ ನೋಡಿದಳು. ತುತ್ತು ಅಂಗಿಯ ಮೇಲೆ ಬೀಳುವಾಗ ಆ ಮುಖದಲ್ಲಿ ಏನು ಮೂಡುತ್ತಿತ್ತೋ ಅದು ಈಗಲೂ ಮೂಡುತ್ತಿತ್ತು. ಇನ್ನು ಇವರು ಮನೆಯಿಂದ ಹೊರಡುವುದೇ ಇಲ್ಲ ಎಂದುಕೊಂಡಳು. ಅವಳು ಮುಂದೆ ಹೆಜ್ಜೆ ಇಡುವ ಮೊದಲೇ ಬೂಬನ ಹೆಂಡತಿ ಸರಸ ನೆಲಕ್ಕೆ ಬಗ್ಗಿದ್ದಳು. ಬಡಿಸಲೆಂದು ಸೊಂಟಕ್ಕೆ ಸಿಕ್ಕಿಸಿದ್ದ ಸೆರಗಿನಲ್ಲೇ ಒಂದೊಂದು ಚೂರನ್ನೂ ಹೆಕ್ಕಿ, ಬೆಂಚಿನ ಕೆಳಗೆ ಹೋದ ಚಕ್ರವನ್ನೂ ತಂದು, ಜೋಕಿಮ್‌ರ ಮುಂದೆ ಹರಡಿದಳು. ಅಕ್ಕಿಯ ಕಲ್ಲು ಆರಿಸುವವಳ ಹಾಗೆ.

ಜೋಕಿಮ್ ಚೂರುಗಳನ್ನು ನೋಡಿದರು.

"ಜ್ಯಾಕ್ ಎಲ್ಲಿ ಮಾರಾಯ?"

ಬೂಬ ಕಣ್ಣು ಕಣ್ಣು ಬಿಟ್ಟ.

"ಚಕ್ರ ಬಿದ್ದ ಗಾಡಿಗೆ ಜ್ಯಾಕ್ ಕೊಡದೆ ಬಾಯಿ ತೆರೆದು ನಿಂತಿದ್ದೀಯಲ್ಲ? ಇಷ್ಟು ವರ್ಷ ಎಂತ ಕಲಿತದ್ದು ನೀನು?"

ಬೂಬ ಊದುಬತ್ತಿಯ ಪಕ್ಕದಲ್ಲಿದ್ದ ಬೆಂಕಿಪೆಟ್ಟಿಗೆಯನ್ನು ತೆಗೆದು ಕಾರಿನ ಹೊಟ್ಟೆಯಡಿ ತೂರಿಸಿದ. ಯಾರೋ ಸ್ಟೂಲು ತಂದರು. ಜೋಕಿಮ್ ಕೂತು, ಕಿಸೆಯಿಂದ ಬಲಗೈಯನ್ನು ಹೊರತೆಗೆದರು. ಅದನ್ನು ಎಡಗೈಯಿಂದಲೇ ಎತ್ತಿ ಕಾರಿನ ಮೇಲೆ ಇಟ್ಟರು. ಅಲುಗದಂತೆ ಹಿಡಿಯಲು ಅಷ್ಟು ಭಾರ ಬೇಕಿತ್ತು. ಆಮೇಲೆ ಎಡಗೈ ಕೆಲಸ ಶುರುಮಾಡಿತು. ಸಣ್ಣ ಕಡ್ಡಿ, ಅದರ ಮೇಲೆ ಕೊಂಡಿ, ಕೊಂಡಿಗೆ ಇನ್ನೊಂದು ಕಡ್ಡಿ. ಕಟಕ್. ಕಟಕ್. ಎಲ್ಲರೂ ನೋಡುತ್ತಿದ್ದರು, ಕೆಲಸ ಯಾವ ಕೈಯದೆಂದು ಎಲ್ಲರಿಗೂ ಗೊತ್ತಾಯಿತು.

ಜೋಕಿಮ್ ತಲೆ ಎತ್ತದೆ ಹೇಳಿದರು, "ಜೆನಿಟಾ, ನೋಡಿದೆಯಲ್ಲ? ಇಡೀ ಕಾರು ಹೀಗೇ ಆದದ್ದು."

ಜೆನಿಟಾ ಹತ್ತಿರ ಬಂದು, ಕಾರನ್ನು ಒತ್ತಿ ಹಿಡಿದಿದ್ದ ಬಲಗೈಯ ಬೆರಳುಗಳನ್ನು ಮುಟ್ಟಿ ನೋಡಿದಳು. "ಹಿಡಿದುಕೊಳ್ಳುವುದು ಸಹ ಕೆಲಸವೇ ಬಾಪ್ಪು. ಈ ಹೆಬ್ಬೆರಳು ಒತ್ತುತ್ತಾ ಉಂಟು. ಸುಳ್ಳು ಹೇಳಿದ್ದಕ್ಕೆ ಮಾತ್ರ ನಾಳೆಯಿಂದ ವ್ಯಾಯಾಮ ಡಬಲ್."

ಗ್ಯಾರೇಜಿನಲ್ಲಿ ನಗು ಎದ್ದಿತು. ಚಕ್ರ ಕೂತಿತು. ಬೂಬ ತಾನೇ ಲಿಂಬೆಗಳನ್ನು ದೂರ ಸರಿಸಿದ. ಜೋಕಿಮ್ ಕಾರನ್ನು ಮೆಲ್ಲಗೆ ಮುಂದೂಡಿದಾಗ ಒಳಗಿನ ಪಿಸ್ಟನ್ನುಗಳು ಏರಿಳಿದವು. ಚಂದು ಕೆನ್ನೆಯನ್ನು ಮೇಜಿಗೆ ತಾಗಿಸಿ ನೋಡಿ, "ಓಡ್ತದೆ, ಓಡ್ತದೆ!" ಎಂದು ಕೂಗಿದ.

ಹೊತ್ತು ನೆತ್ತಿಗೇರಿತ್ತು. ಒಳಗಿನ ಶೆಡ್ಡಿನಲ್ಲಿ ಚಾಪೆ ಬಿಚ್ಚುವ, ಎಲೆಗೆ ನೀರು ಚಿಮುಕಿಸುವ ಸದ್ದು ಕೇಳಿಸಿತು. ಸೌತೆಕಾಯಿ ಹುಳಿಯ ಒಗ್ಗರಣೆಯ ಪರಿಮಳ ಹೊರಗೆ ಬಂತು. ಜೋಕಿಮ್ ಹೆಂಡತಿಯ ಕಡೆಗೆ ನೋಡಿದರು. ಆ ನೋಟದ ಅರ್ಥ ಐರಿನ್‌ಗೆ ಗೊತ್ತು. ಮಾತು ಕೊಟ್ಟಾಗಿದೆ. ಆಕೆ ಚೀಲ ಹೆಗಲಿಗೆ ಹಾಕಿ, "ಬೂಬ, ನಾವು ಹೊರಡ್ತೇವೆ. ಇವರಿಗೆ ಸುಸ್ತು," ಎಂದಳು. ಹೇಳುವಾಗ ತನ್ನ ದನಿ ತನಗೇ ಬೇಡವೆನಿಸಿತು.

"ಊಟ ಮಾಡದೆ?" ಬೂಬನ ಮುಖ ಬಾಡಿತು. ಚಕ್ರ ಬಿದ್ದದ್ದಕ್ಕೇ ಎಂದು ಅವನು ತಿಳಿದುಕೊಂಡನೆಂದು ಕಾಣುತ್ತದೆ. ಒತ್ತಾಯಿಸಲಿಲ್ಲ.

ಸರಸ ಶೆಡ್ಡಿನ ಬಾಗಿಲಲ್ಲಿ ನಿಂತು ಇದನ್ನು ಕೇಳಿ, ಜೋಕಿಮ್‌ರ ಕೈಗಳನ್ನೊಮ್ಮೆ ನೋಡಿದಳು. ಒಳಗೆ ಹೋದಳು. ಐರಿನ್‌ಗೆ ನಿಂತಲ್ಲಿಂದಲೇ ಅವಳ ಕೈಗಳು ಕಾಣುತ್ತಿದ್ದವು. ಎಲ್ಲರಿಗೂ ಎಲೆ ಹಾಕಿದ್ದವಳು ಒಂದು ಸ್ಟೀಲಿನ ಬಟ್ಟಲು ತೆಗೆದಳು. ಅಗಲಕ್ಕಿಂತ ಆಳ ಹೆಚ್ಚಿದ್ದ ಬಟ್ಟಲು. ಅನ್ನ ಹಾಕಿ, ಹುಳಿ ಸುರಿದು, ಅಲ್ಲೇ ಕಲಸಿದಳು. ಅಲಸಂಡೆ ಪಲ್ಯದ ಉದ್ದ ತುಂಡುಗಳನ್ನು ಚಮಚದ ಅಂಚಿನಿಂದ ಸಣ್ಣಗೆ ಮಾಡಿ ಬದಿಗಿಟ್ಟಳು. ಬೂಬ ಯಾವಾಗಲೂ ಕೂರುವ ಜಾಗದ ಪಕ್ಕದಲ್ಲಿದ್ದ ಗ್ರೀಸ್ ಡಬ್ಬಗಳನ್ನು ಕಾಲಿನಿಂದ ಸರಿಸಿ, ಬೆಂಚನ್ನು ಎಳೆದು ಹಾಕಿದಳು. ಆಮೇಲೆ ಹೊರಗೆ ಬಂದಳು.

ಜೋಕಿಮ್ ಇನ್ನೂ ಸ್ಟೂಲಿನ ಮೇಲೆಯೇ ಇದ್ದರು. ಚಕ್ರಕ್ಕೆ ತಾಗಿದ್ದ ಲಿಂಬೆ ಸಿಪ್ಪೆಯ ವಾಸನೆ ಅವರ ಬೆರಳುಗಳಿಗೂ ಹತ್ತಿತ್ತು. ಸರಸ ಅವರ ಬಲಗಡೆಯಿಂದ ಬಂದವಳು, ಹಿಂದಿನಿಂದ ಸುತ್ತಿ ಎಡಗಡೆಗೆ ಹೋಗಿ ನಿಂತಳು. ಊಟ ಮಾಡಿ ಎನ್ನಲಿಲ್ಲ. ಚಮಚದ ಹಿಡಿಯನ್ನು ಅವರ ಎಡಗೈಯ ಕಡೆಗೆ ತಿರುಗಿಸಿ ಬಟ್ಟಲನ್ನು ಮುಂದೆ ಚಾಚಿದಳು. ಅವರು ತೆಗೆದುಕೊಳ್ಳುವವರೆಗೆ ಬೇರೆ ಕೆಲಸವೇ ಇಲ್ಲದವಳ ಹಾಗೆ, ಹೈವೇಯಲ್ಲಿ ಹೋಗುವ ಬಸ್ಸುಗಳನ್ನು ನೋಡುತ್ತ ಹಿಡಿದು ನಿಂತಳು.

ಐರಿನ್ ಹೆಗಲಿನಿಂದ ಚೀಲ ಇಳಿಸಿದಳು.

ಎಡಗೈ ಮೇಲೆ ಬಂತು. ಬಟ್ಟಲಿನ ಅಂಚು ಅದಕ್ಕೆ ಸಿಕ್ಕಿದ್ದು ಗೊತ್ತಾದ ಮೇಲೆ ಸರಸ ತನ್ನ ಕೈ ಬಿಟ್ಟು, ಸೆರಗು ಬಿಗಿ ಮಾಡಿಕೊಂಡು, ಉಳಿದವರಿಗೆ ಬಡಿಸಲು ಒಳಗೆ ಹೋದಳು.