ಮೂರನೇ ಚಿತ್ರ

ಹೊಲಿಗೆ ಕಾರ್ಖಾನೆಯ ಹಿಂದಿನ ಶಿಶುಕೇಂದ್ರದಲ್ಲಿ ಹದಿನೆಂಟು ಮಕ್ಕಳಿಗೆ ಇಬ್ಬರು ಆಯಾಗಳು. ಹಿರಿಯವಳನ್ನು ತಾಯಂದಿರೂ ವಾಚ್‌ಮನ್ನನೂ ದೊಡ್ಡಮ್ಮ ಎಂದೇ ಕರೆಯುತ್ತಿದ್ದರು. ಮೂವತ್ತು ವರ್ಷ ಕಂಡವರ ಮಕ್ಕಳ ಅಂಡು ತೊಳೆದ ಕೈ ಅವಳದು. ಬಟ್ಟೆ ಕಟ್ಟುತ್ತಿದ್ದ ಕಾಲದಲ್ಲಿ ಭೇದಿಯಾದರೆ ಬಟ್ಟೆಯೇ ಹೇಳುತ್ತಿತ್ತು, ಮಡಿಲೂ ಹೇಳುತ್ತಿತ್ತು. ಡಯಾಪರ್ ಬಂದ ಮೇಲೆ ಎಲ್ಲವನ್ನೂ ಅದೇ ಕುಡಿದುಬಿಡುತ್ತದೆ.

ಆರು ತಿಂಗಳ ಹಿಂದೆ ಡಾಕ್ಟರೊಬ್ಬರು ಬಂದು, ಮಕ್ಕಳನ್ನು ಮಲಗಿಸಿ ಡಯಾಪರ್ ಬದಲಾಯಿಸುವ ಮೇಜಿನ ಮೇಲ್ಗಡೆ ಒಂದು ಕಾರ್ಡು ಅಂಟಿಸಿಹೋದರು. ಅದರಲ್ಲಿ ನಾಲ್ಕು ಫೋಟೊ. ಒಂದು, ಗಟ್ಟಿ ಉಂಡೆ. ಎರಡು, ರೂಪ ಹಿಡಿದದ್ದು. ಮೂರು, ಸಡಿಲ. ನಾಲ್ಕು, ಬರೀ ನೀರು. ಫೋಟೊಗೆ ಹೋಲಿಸಿ ಮಗುವಿನ ಹಾಳೆಯಲ್ಲಿ ಅಂಕಿ ಬರೆಯಬೇಕು. ನಾಲ್ಕು ಬಂದರೆ ತಾಯಿಗೆ ಫೋನು, ಮಗು ಮನೆಗೆ. ಮೂರು ಬಂದರೆ ಕಾದು ನೋಡುವುದು.

"ಅಂಗೈ ಹುಣ್ಣಿಗೆ ಕನ್ನಡಿ ಹಿಡೀತಾರೆ ನೋಡು," ಎಂದು ದೊಡ್ಡಮ್ಮ ಕಿರಿಯ ಆಯಾಗೆ ಹೇಳಿ ನಕ್ಕಿದ್ದಳು. "ಇನ್ಮೇಲೆ ಮಕ್ಕಳೂ ಫೋಟೊ ನೋಡ್ಕೊಂಡೇ ಕಕ್ಕ ಮಾಡ್ಬೇಕೇನೋ."

ನಗುವುದು ನಕ್ಕರೂ ಬರೆಯುವುದನ್ನು ಬಿಡಲಿಲ್ಲ. ಹೇಲಿಗೂ ಅಂಕಿ ಕೊಡುವ ಕಾಲ ಬಂದಾಗ ಬೇಡವೆನ್ನಲು ಆಯಾ ಯಾರು?

ಹನ್ನೊಂದು ತಿಂಗಳ ಗುಂಡ ಅವಳ ಮುದ್ದಿನ ಕೂಸು. ತೊಡೆಯಲ್ಲಿ ಮೂರು ಮಡಿಕೆ, ಕೈಗೆ ಸಿಕ್ಕಿದ್ದೆಲ್ಲ ಬಾಯಿಗೆ. ಅವನ ತಾಯಿ, ಇಪ್ಪತ್ತೆರಡರ ಹುಡುಗಿ, ಕಾಲರ್ ಹೊಲಿಯುವ ಸಾಲಿನಲ್ಲಿ ಹೊಸಬಳು. ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಹಿಂದಿನ ವಾರ ಒಂದು ಸಲ ನಾಲ್ಕು ಬಂತೆಂದು ದೊಡ್ಡಮ್ಮ ಅವಳನ್ನು ಕರೆಸಿದ್ದಳು. ಮಗು ಮನೆಗೆ ಹೋಗಿ ಸಂಜೆಯವರೆಗೂ ಕುಣಿದಾಡಿತ್ತು. ಸೂಪರ್‌ವೈಸರ್ ಮಾತ್ರ, ಇನ್ನೊಂದು ಸಲ ಸಾಲು ಬಿಟ್ಟು ಎದ್ದರೆ ಮರಳಿ ಬರುವುದೇ ಬೇಡ ಎಂದಿದ್ದ.

"ನಿಮ್ಮ ಕಾಲಿಗೆ ಬೀಳ್ತೀನಿ ದೊಡ್ಡಮ್ಮ," ಎಂದಿದ್ದಳು ಹುಡುಗಿ. "ಖಂಡಿತ ನಾಲ್ಕು ಅಂತ ಆದ್ರೆ ಮಾತ್ರ ಕರೀರಿ. ಅನುಮಾನಕ್ಕೆಲ್ಲ ಬೇಡ."

ಆ ಮಂಗಳವಾರ ಬೆಳಿಗ್ಗೆ ಹತ್ತಕ್ಕೆ ದೊಡ್ಡಮ್ಮ ಗುಂಡನ ಡಯಾಪರ್ ಬಿಚ್ಚಿದಳು. ಮೇಲೆ ಹಳದಿ ಗಂಜಿಯಂಥದ್ದು ತೆಳುವಾಗಿ ಮೆತ್ತಿಕೊಂಡಿತ್ತು. ಕಾರ್ಡಿನ ಮೂರನೇ ಚಿತ್ರವನ್ನೇ ತಂದು ಅಂಟಿಸಿದಂತಿತ್ತು. ಆದರೆ ಮಡಿಸಿ ಎತ್ತಿದಾಗ ಕೈ ಜಗ್ಗಿತು. ಒಳಗಿನ ಹತ್ತಿ ಉಬ್ಬಿ ಕಲ್ಲಾಗಿತ್ತು. ಉಚ್ಚೆಯಿರಬಹುದೆಂದು ಮೂಸಿದಳು. ಉಚ್ಚೆಯ ವಾಸನೆ ಇಲ್ಲವೇ ಇಲ್ಲ, ಹುಳಿ ನಾತ ಮಾತ್ರ. ನೀರೆಲ್ಲ ಒಳಗಿಳಿದು ಗಸಿ ಮೇಲುಳಿದಿದೆ ಎಂದು ಅವಳಿಗೆ ಆಗಲೇ ತಿಳಿಯಿತು. ಅದನ್ನು ಬರೆಯಲು ಹಾಳೆಯಲ್ಲಿ ಜಾಗವಿರಲಿಲ್ಲ. ಫೋನಿನತ್ತ ನೋಡಿದಳು, ಆ ಹುಡುಗಿಯ ಮುಖ ಕಣ್ಣಿಗೆ ಬಂತು. ಮೂರು ಎಂದು ಬರೆದಳು.

ಹನ್ನೊಂದೂವರೆಗೆ ಮತ್ತೆ ಅದೇ ಭಾರ, ಮತ್ತೆ ಮೂರು. ಉಪ್ಪು ಸಕ್ಕರೆಯ ನೀರು ಕಲಸಿ ಚಮಚದಲ್ಲಿ ಕುಡಿಸಿದಳು. ಗುಂಡ ಕುಡಿದದ್ದನ್ನು ಅವಳ ತೋಳಿನ ಮೇಲೇ ಕಕ್ಕಿದ. ಒಂದು ಗಂಟೆಗೆ ಮೂರನೆಯ ಸಲ. ಕಿರಿಯ ಆಯಾ, "ಕರೆಯೋಣ್ವಾ?" ಎಂದಳು.

"ಇನ್ನೊಂದು ನೋಡೋಣ," ಎಂದಳು ದೊಡ್ಡಮ್ಮ. "ಪಾಪ, ಅವಳ ಅನ್ನಕ್ಕೆ ಕಲ್ಲು ಹಾಕೋದು ಬೇಡ."

ಎರಡೂವರೆಗೆ ಗುಂಡ ಅಳುವುದನ್ನು ನಿಲ್ಲಿಸಿದ. ಹೊಟ್ಟೆಯ ಚರ್ಮ ಚಿವುಟಿ ಬಿಟ್ಟರೆ ಮಡಿಕೆ ಹಾಗೇ ನಿಂತಿತು, ಮೈಯ ನೀರೆಲ್ಲ ಬತ್ತಿಹೋಗಿತ್ತು. ದೊಡ್ಡಮ್ಮ ಫೋನು ಕಿರಿಯವಳ ಕೈಗೆ ತುರುಕಿ, ಮಗುವನ್ನೆತ್ತಿಕೊಂಡು ಗೇಟಿನತ್ತ ಓಡಿದಳು. ಆಸ್ಪತ್ರೆಯಲ್ಲಿ ಸೂಜಿ ಚುಚ್ಚಲು ನರವೇ ಸಿಗಲಿಲ್ಲ. ಬೆಳಕಿರುವಾಗಲೇ ಎಲ್ಲ ಮುಗಿದುಹೋಯಿತು.

ಮರುದಿನ ಕೇಂದ್ರದ ಮೇಡಂ ಹಾಳೆಯನ್ನು ಎರಡೆರಡು ಸಲ ಓದಿದರು. ಮೂರು, ಮೂರು, ಮೂರು. "ನಿಯಮದ ಪ್ರಕಾರ ಎಲ್ಲ ಸರಿಯಾಗಿದೆ. ನಿಮ್ಮದೇನೂ ತಪ್ಪಿಲ್ಲ," ಎಂದರು. ಸತ್ತ ಮಗುವಿನ ಹಾಳೆ ಅಷ್ಟು ಚೊಕ್ಕವಾಗಿದ್ದದ್ದಕ್ಕೆ ಅವರಿಗೆ ಸಮಾಧಾನವೇ ಆದಂತಿತ್ತು.

ಐದನೆಯ ದಿನ ತಾಯಿ ಮಗುವಿನ ಚೀಲ ಒಯ್ಯಲು ಬಂದಳು. ಕಣ್ಣಲ್ಲಿ ಒಂದು ಹನಿಯೂ ಇರಲಿಲ್ಲ. ಒಮ್ಮೆಯೂ ಅತ್ತಿಲ್ಲವಂತೆ, ಗೋಡೆ ನೋಡುತ್ತಾ ಕೂತಿರುತ್ತಾಳಂತೆ ಎಂದು ಜೊತೆಗೆ ಬಂದ ಅಕ್ಕ ಬಾಗಿಲಲ್ಲೇ ಪಿಸುಗುಟ್ಟಿದ್ದಳು.

"ಒಂದು ಮಾತು ಕೇಳ್ತೀನಿ ದೊಡ್ಡಮ್ಮ, ನಿಜ ಹೇಳಿ," ಎಂದಳು ತಾಯಿ. "ಬೆಳಿಗ್ಗೇನೇ ನಿಮಗೆ ಗೊತ್ತಾಗಿತ್ತಾ? ಕರೀಬೇಡಿ ಅಂತ ನಾನು ಅಂದಿದ್ದಕ್ಕೆ ಸುಮ್ಮನಾದ್ರಾ?"

ಹೌದೆಂದರೆ ದೊಡ್ಡಮ್ಮನ ಎದೆ ಹಗುರವಾಗುತ್ತಿತ್ತು, ಈ ಹುಡುಗಿಯ ಎದೆಯ ಮೇಲೆ ಮಾತ್ರ ಬದುಕಿರುವ ತನಕ ಬಂಡೆ. ಮೂವತ್ತು ವರ್ಷದಲ್ಲಿ ಅವಳು ಗಳಿಸಿದ್ದು ಒಂದೇ, ಮಕ್ಕಳ ವಿಷಯದಲ್ಲಿ ದೊಡ್ಡಮ್ಮನ ಕಣ್ಣು ತಪ್ಪುವುದಿಲ್ಲ ಎಂಬ ಹೆಸರು.

"ಇಲ್ಲಮ್ಮ," ಎಂದಳು. "ನನಗೆ ಗೊತ್ತೇ ಆಗ್ಲಿಲ್ಲ. ಬರೀ ಉಚ್ಚೆ ಅಂದ್ಕೊಂಡೆ. ಗೊತ್ತಾಗಿದ್ರೆ ನೀನು ಎಷ್ಟು ಬೇಡ ಅಂದ್ರೂ ಕರೀತಿದ್ದೆ."

"ಮೂವತ್ತು ವರ್ಷದಿಂದ ಇದೇ ಕೆಲಸ ಮಾಡ್ತಿದ್ದೀರಿ. ಉಚ್ಚೆಗೂ ಭೇದಿಗೂ ವ್ಯತ್ಯಾಸ ಗೊತ್ತಾಗ್ಲಿಲ್ವಾ?"

"ಗೊತ್ತಾಗ್ಲಿಲ್ಲ."

ತಾಯಿ ಅವಳನ್ನೇ ದಿಟ್ಟಿಸಿದಳು. ಬಾಗಿಲಲ್ಲಿ ಮೇಡಂ ಇದ್ದರು, ಮಕ್ಕಳನ್ನು ಕರೆದೊಯ್ಯಲು ಬಂದ ನಾಲ್ಕೈದು ತಾಯಂದಿರಿದ್ದರು.

"ನಿಮ್ಮ ಕೈಗೆ ಮಗು ಕೊಟ್ಟೆನಲ್ಲ," ಎಂದಳು. "ನಿಮ್ಮ ಕೈ ಸೇದಿಹೋಗ್ಲಿ."

ಹಾಗೆಂದವಳೇ ನೆಲಕ್ಕೆ ಕುಸಿದು, ಐದು ದಿನದ ಅಳುವನ್ನೆಲ್ಲ ಅಲ್ಲೇ ಅತ್ತಳು. ದೊಡ್ಡಮ್ಮ ಹತ್ತಿರ ಹೋಗಲಿಲ್ಲ. ಹೋಗುವ ಹಕ್ಕನ್ನು ಅವಳು ಆಗಷ್ಟೇ ಕೈಯಾರೆ ಬಿಟ್ಟುಕೊಟ್ಟಿದ್ದಳು.

ಮರುದಿನ ಬೆಳಿಗ್ಗೆ ತಾಯಂದಿರು ಅವಳನ್ನು ದಾಟಿಹೋಗಿ ತಮ್ಮ ಮಕ್ಕಳನ್ನು ಕಿರಿಯ ಆಯಾಳ ತೋಳಿಗೇ ಕೊಟ್ಟರು. ದೊಡ್ಡಮ್ಮ ಬಕೆಟ್ ತುಂಬಿಸಿಕೊಂಡು ನೆಲ ಒರೆಸಲು ಕೂತಳು.