ಅರವತ್ತೈದರ ಲೆನ್ಸು

ಸವಣೂರಿನ ಹಯಾತ ತನ್ನ ಸ್ಟುಡಿಯೋದ ಮೇಜಿನ ಮೇಲೆ ಅವರಪ್ಪನ ಕಾಲದ ಕ್ಯಾಮೆರಾ ಇಟ್ಟು, ಪಕ್ಕದಲ್ಲಿ ಎರಡು ಲೆನ್ಸು ಜೋಡಿಸಿದ. ದೊಡ್ಡ ರೀಲಿನದು; ಒಂದು ರೀಲಿಗೆ ಚೌಕನೆಯ ಹನ್ನೆರಡೇ ಚಿತ್ರ. ಆರು ತಿಂಗಳಿಂದ ಇಂಥದ್ದನ್ನೇ ಹುಡುಕುತ್ತಿದ್ದೆ. ಹೆಸರಾಂತ ವಿದೇಶಿ ಕ್ಯಾಮೆರಾಗಳು ಬ್ಯಾಂಕ್ ಗುಮಾಸ್ತನಿಗೆ ನಿಲುಕುವಂಥವಲ್ಲ. ಇದು ನಿಲುಕುತ್ತಿತ್ತು, ಒಂದೇ ಲೆನ್ಸಿನ ಜತೆ.

"ಆಚಾರ್ರ, ಎಂಬತ್ತು ಮಿಲಿಮೀಟರಿಂದು ಸೋವಿ. ಮಾರಿ ಚಂದ ಬರ್ತಾವ. ಅರವತ್ತೈದರದು ಅಗಲ ಹಿಡಿತೈತಿ, ತುಟ್ಟಿ."

"ರಟ್ಟೀಹಳ್ಳಿ ಗುಡಿಯೊಳಗ ಹಿಂದ ಸರೀಲಿಕ್ಕೆ ಜಾಗಾ ಇಲ್ಲೋ. ಕಂಬ ಪೂರಾ ಬರಬೇಕು."

"ಹಂಗಾರ ಅಗಲಂದ ಬೇಕಾತು. ಕಿಸೆ ಏನಂತೈತಿ?"

ನಾನು ನಕ್ಕೆ. ಅವನೂ ನಕ್ಕ.

"ಎರಡೂ ಒಯ್ರಿ. ಒಂದೊಂದು ರೀಲ್ ತಗದು ನೋಡಿ ಹೇಳ್ರಿ."

ಶಿಗ್ಗಾವಿಯ ಮನೆಗೆ ಬಂದವನು ನೇರ ದೇವರ ಮನೆಗೆ ಹೋದೆ. ಹೊಸ ವಸ್ತುವಿಗೆ ಗಂಧಾಕ್ಷತೆ ಇಡುವುದು ನಮ್ಮ ವಾಡಿಕೆ. ಅಷ್ಟೇ ಮಾಡಿದ್ದರೆ ಇದನ್ನು ಬರೆಯುತ್ತಿರಲಿಲ್ಲ. ಅವ್ವ ಹೇಳಿರಲಿಲ್ಲ, ಯಾರೂ ನೋಡುತ್ತಿರಲಿಲ್ಲ. ನಾನಾಗಿಯೇ ಪಂಚಪಾತ್ರೆಯಿಂದ ಉದ್ಧರಣೆಯಲ್ಲಿ ನೀರು ತೆಗೆದು, ಶುದ್ಧಿಯ ಮಂತ್ರ ಹೇಳಿ, ಮೂರು ಸಲ ಪ್ರೋಕ್ಷಣೆ ಮಾಡಿದೆ. ಎಂಬತ್ತರದಕ್ಕೆ ಮುಚ್ಚಳವಿತ್ತು. ತಟ್ಟೆಯಲ್ಲಿ ತೆರೆದಿಟ್ಟ ಅರವತ್ತೈದರ ಸಂದಿಯೊಳಗೆ ನೀರಿಳಿಯಿತು. ಒರೆಸಿದೆ, ಹೋಯಿತು ಅಂದುಕೊಂಡೆ.

ಹತ್ತು ದಿನ ಬಿಟ್ಟು ಹಯಾತ ನಾನು ರಟ್ಟೀಹಳ್ಳಿಯಲ್ಲಿ ತೆಗೆದ ಎರಡೂ ರೀಲು ತೊಳೆದು ಬೆಳಕಿಗೆ ಹಿಡಿದ. ಎಂಬತ್ತರದರಲ್ಲಿ ಅರ್ಧ ಕಂಬ, ಕೆತ್ತಿದಷ್ಟು ಸ್ಪಷ್ಟ. ಅರವತ್ತೈದರದರಲ್ಲಿ ಪೂರಾ ಕಂಬ, ಮಜ್ಜಿಗೆ ಚೆಲ್ಲಿದಂತೆ ಮಸುಕು. ಲೆನ್ಸನ್ನು ಕಣ್ಣಿಗೆ ಹಿಡಿದ. ಅವನ ಮುಖ ಸಣ್ಣದಾಯಿತು.

"ಒಳಗ ಪಸಿ ಐತ್ರಿ. ಗಾಜಿನ ಮ್ಯಾಲೆ ಕಲಿ ಕುಂತೈತಿ. ಅಪ್ಪಾ ಇದನ್ನ ಹತ್ತಿ ಅಳ್ಳಿಯೊಳಗ ಸುತ್ತಿಟ್ಟಿದ್ದ, ಅದು ಪಸಿ ಹಿಡಿದಿರಬೇಕು. ನಾ ನೋಡಲಾರದ ಕೊಟ್ಟೆ. ಮಾಫ್ ಮಾಡ್ರಿ. ಎಂಬತ್ತರದು ತಗೊಳ್ರಿ, ಇದನ್ನ ರೊಕ್ಕಾ ಕೊಡದ ಹಂಗ ಒಯ್ರಿ."

ನಾನು ಸುಮ್ಮನಿದ್ದರೆ ಎರಡೂ ನನ್ನವು. ಸುಮ್ಮನೆ ಕೂಡುವುದು ನನಗೆ ಬಾಲ್ಯದಿಂದ ಬಂದ ವಿದ್ಯೆ. ಅಪ್ಪ ಹಳೆಯ ಕಾವ್ಯಗಳನ್ನು ರಾಗವಾಗಿ ಓದುವಾಗ ಕೂತು ಕೇಳಿ ಬೆಳೆದವನು. ಮುಚ್ಚಿಟ್ಟು ಗೆದ್ದವರ ಪಾಡು ಎಷ್ಟು ಪದ್ಯಗಳಲ್ಲಿ ಬಂದಿಲ್ಲ! ಆಗೆಲ್ಲ ಬೇರೆಯವರ ಕಥೆಯೆಂದು ತಲೆಯಾಡಿಸಿದ್ದೆ.

"ಹೂಂ," ಎಂದೆ. ಅವನು ಡಬ್ಬಿ ಕಟ್ಟತೊಡಗಿದ. ದಾರಕ್ಕೆ ಗಂಟು ಬೀಳುವ ತನಕವೂ ನನಗೆ ತಡೆಯಲಾಗಲಿಲ್ಲ.

"ಹಯಾತ, ನಿಂದೇನೂ ತಪ್ಪಿಲ್ಲ. ನೀರು ಹಾಕಿದಾಂವ ನಾನು. ದೇವರ ಮುಂದ ಇಟ್ಟು ಪ್ರೋಕ್ಷಣಿ ಮಾಡಿದೆ."

ಅವನು ನಕ್ಕುಬಿಟ್ಟ. "ಹೊಸಾ ಬೈಕಿಗೆ ಪೂಜಿ ಮಾಡತೀರಲ್ಲ, ಹಂಗ?"

ಹೌದೆಂದರೆ ಮುಗಿಯುತ್ತಿತ್ತು.

"ಬೈಕಿಗೆ ಗಂಧ ಹಚ್ಚಿದ್ದೆ, ನೀರು ಹಾಕಿರಲಿಲ್ಲ. ಇದು ನಿಮ್ಮ ಮನೀದು ಅಂತ..."

ಮಾತು ಅಲ್ಲಿಗೇ ನಿಂತಿತು. ಅವನ ನಗುವೂ ನಿಂತಿತು. ಡಬ್ಬಿಯ ಗಂಟು ಬಿಚ್ಚಿ ಎರಡೂ ಲೆನ್ಸು ಮತ್ತೆ ಮೇಜಿನ ಮೇಲಿಟ್ಟ.

"ಅರವತ್ತೈದರದೇ ಇರಲಿ," ಎಂದೆ. "ಪೂರಾ ರೇಟಿಗೆ. ಎಂಬತ್ತರದು ಬ್ಯಾಡ."

"ಕಲಿ ಹೋಗಲಿಕ್ರ?"

"ಹೋಗದಿದ್ರೂ."

ಹಯಾತ ಎದ್ದು, ಮೂಲೆಯ ನಳದಲ್ಲಿ ಸಾಬೂನು ಹಚ್ಚಿ, ಮೊಣಕೈತನಕ ಕೈ ತೊಳೆದು ಒರೆಸಿಕೊಂಡ.

"ಲೆನ್ಸ್ ಮುಟ್ಟೂ ಮೊದ್ಲ ತೊಳಕೋಬೇಕ್ರಿ. ಅಪ್ಪ ಕಲಿಸಿದ್ದು. ಅವತ್ತೂ ತೊಳಕೊಂಡ ಕೊಟ್ಟಿದ್ದೆ." ನನ್ನ ಕಡೆ ನೋಡದೆ ಸಣ್ಣ ತಿರುಪುಳಿ ಹುಡುಕಿದ. "ಬಿಚ್ಚೂಣು. ಈ ರಿಂಗ್ ಹಿಡಿಯಾಕ ಇನ್ನೊಬ್ರು ಬೇಕು. ನೀವೂ ಕೈ ತೊಳಕೊಂಡ ಬರ್ರಿ."

ತಲೆಯೆತ್ತದೆ ನಳದ ಹತ್ತಿರ ಹೋದೆ.